ಇಟ್ಟಿಗೆಯ ತೊಟ್ಟಿಮನೆ ಮತ್ತು ಅಂಗಡಿ: ದುರಸ್ತಿಗೆ ಮುನ್ನ ತಿಳಿಯಬೇಕಾದ ಅಂಶಗಳು

ಹಳೆಯ ಮೈಸೂರು ಪ್ರಾಂತ್ಯದ ಗ್ರಾಮಗಳಲ್ಲಿ ಬೇಸಾಯಗಾರರ ಮನೆ ಮತ್ತು ಅಂಗಡಿ ಒಂದೇ ಸೂರಿನಡಿ ಇರುವ ಇಟ್ಟಿಗೆ ಕಟ್ಟಡಗಳು ಇಂದಿಗೂ ಕಂಡುಬರುತ್ತವೆ. ಬೀದಿಯ ಕಡೆಗೆ ಜಗಲಿ, ಅದರ ಒಂದು ಬದಿಗೆ ಒಂದೊಂದಾಗಿ ತೆಗೆದಿಡುವ ಹಲಗೆಗಳ ಬಾಗಿಲುಳ್ಳ ಅಂಗಡಿ, ಒಳಗೆ ತೆರೆದ ತೊಟ್ಟಿ ಹಾಗೂ ಮರದ ಕಂಬಗಳ ಪಡಸಾಲೆ ಇರುತ್ತವೆ. ರೋಲಿಂಗ್ ಷಟರ್ ಅಳವಡಿಸುವಾಗ ಈ ಹಲಗೆ ಬಾಗಿಲೇ ಮೊದಲು ಕಣ್ಮರೆಯಾಗುತ್ತಿರುವುದು ವಿಷಾದನೀಯ.

ಗೋಡೆಗಳನ್ನು ಮಣ್ಣು ಅಥವಾ ಸುಣ್ಣದ ಗಾರೆಯಿಂದ ಕಟ್ಟಲಾಗಿರುತ್ತದೆ. ಮದ್ರಾಸ್ ತಾರಸಿ ಇದ್ದಲ್ಲಿ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರವನ್ನು ಬಡಿದಿರುತ್ತಾರೆ. ಗೋಡೆ ಹೀರಿದ ತೇವವನ್ನು ಸುಣ್ಣದ ಗಾರೆಯು ಹೊರಬಿಡುತ್ತದೆ. ಸಿಮೆಂಟ್ ಪ್ಲಾಸ್ಟರ್ ಅದನ್ನು ಒಳಗೇ ತಡೆಯುವುದರಿಂದ ಕ್ರಮೇಣ ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಹೊರನೋಟಕ್ಕೆ ಗೋಡೆ ಗಟ್ಟಿಯಾಗಿ ಕಾಣುವುದರಿಂದ ಹಾನಿಯು ತಡವಾಗಿ ಗಮನಕ್ಕೆ ಬರುತ್ತದೆ.

ಇಂತಹ ಕಟ್ಟಡವು ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶದಲ್ಲಿದ್ದು, 16-06-1992ಕ್ಕೆ ಮುಂಚಿನದಾಗಿದ್ದಲ್ಲಿ, 2010ರಲ್ಲಿ ತಿದ್ದುಪಡಿಯಾದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ ಮಾಲೀಕರು ದುರಸ್ತಿಗಾಗಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ನಂತರದ 200 ಮೀಟರ್ ನಿಯಂತ್ರಿತ ಪ್ರದೇಶದಲ್ಲಿಯೂ ಪೂರ್ವಾನುಮತಿ ಅಗತ್ಯ. ಅರ್ಜಿಯಲ್ಲಿ ಕೇವಲ ‘ದುರಸ್ತಿ’ ಎಂದು ನಮೂದಿಸದೆ, ಯಾವ ಭಾಗಕ್ಕೆ ಯಾವ ಗಾರೆ ಬಳಸಲಾಗುವುದೆಂಬುದನ್ನು ವಿವರಿಸುವುದು ಸೂಕ್ತ.