ಎಂಟು ಸಾವಿರದ ಮುನ್ನೂರಕ್ಕೆ ಒಬ್ಬ

ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ನಮ್ಮ ಹಿರಿಯ ಕ್ಯಾಮೆರಾಮನ್ ಒಬ್ಬರು ಕೈಗೆ ಒಂದು ಬ್ರೋಷರ್ ಕೊಟ್ಟರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯೋದು. ‘ಸರ್, ನೀವು ಇಂಜಿನಿಯರಿಂಗ್ ಓದಿದೋರು, ಲೆಕ್ಕ ಗೊತ್ತಿರುತ್ತೆ. ಇದನ್ನ ಸ್ವಲ್ಪ ನೋಡಿ ಹೇಳಿ’ ಅಂದ್ರು. ಅವರ ಮಗನಿಗೆ ಹನ್ನೊಂದು ವರ್ಷ. ಶನಿವಾರ, ಭಾನುವಾರ ಫುಟ್‌ಬಾಲ್ ಕೋಚಿಂಗ್‌ಗೆ ಹೋಗ್ತಾನೆ. ಬ್ರೋಷರ್‌ನಲ್ಲಿ ಇದ್ದದ್ದು ಇಂಗ್ಲೆಂಡ್‌ನಲ್ಲಿ ಎರಡು ವಾರದ ಕ್ಯಾಂಪ್. ದೊಡ್ಡ ಕ್ಲಬ್‌ಗಳ ಅಕಾಡೆಮಿಗಳ ಕಣ್ಣಿಗೆ ಬೀಳುವ ಅವಕಾಶವಂತೆ. ಫೀಸು ನೋಡಿದೆ. ಅಣ್ಣನ ಏಳೆಂಟು ತಿಂಗಳ ಸಂಬಳ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಅದನ್ನೇ ನಿಮ್ಮ ಮುಂದೆ ಇಡ್ತಿದ್ದೇನೆ.

ಇಂಗ್ಲೆಂಡ್‌ನ ಕ್ಲಬ್‌ಗಳು ಒಂಬತ್ತು ವರ್ಷದೊಳಗಿನವರ ತಂಡದಿಂದಲೇ ಮಕ್ಕಳನ್ನು ಅಕಾಡೆಮಿಗೆ ನೋಂದಾಯಿಸಿಕೊಳ್ಳುತ್ತವೆ. ಮೊದಮೊದಲು ಒಂದೊಂದು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಪ್ರತಿ ಸಲ ಅವಧಿ ಮುಗಿದಾಗಲೂ ಒಂದೇ ಪ್ರಶ್ನೆ: ಇಟ್ಟುಕೊಳ್ಳೋದಾ, ಕಳಿಸೋದಾ? ಹದಿನಾರಕ್ಕೆ ಕೆಲವರಿಗೆ ಎರಡು ವರ್ಷದ ಸ್ಕಾಲರ್‌ಶಿಪ್. ಹದಿನೆಂಟರ ಹೊತ್ತಿಗೆ ಇನ್ನೂ ಕೆಲವರಿಗೆ ಮಾತ್ರ ವೃತ್ತಿಪರ ಒಪ್ಪಂದ. ಈ ವ್ಯವಸ್ಥೆಯೊಳಗೆ ಯಾವ ಕಾಲಕ್ಕೂ ಹತ್ತು ಸಾವಿರಕ್ಕಿಂತ ಹೆಚ್ಚು ಹುಡುಗರಿರುತ್ತಾರೆ.

ಬ್ರಿಟನ್ನಿನ ಕ್ರೀಡಾ ಪತ್ರಕರ್ತ ಮೈಕಲ್ ಕ್ಯಾಲ್ವಿನ್ 2017ರಲ್ಲಿ ‘ನೋ ಹಂಗರ್ ಇನ್ ಪ್ಯಾರಡೈಸ್’ ಅನ್ನುವ ಪುಸ್ತಕ ಬರೆದರು. ಅವರು ಕೊಟ್ಟ ಅಂಕಿ ಹೀಗಿದೆ: ಇಂಗ್ಲೆಂಡ್‌ನಲ್ಲಿ ಸಂಘಟಿತವಾಗಿ ಫುಟ್‌ಬಾಲ್ ಆಡುವ ಹುಡುಗರು 15 ಲಕ್ಷ. ಅವರಲ್ಲಿ ಪ್ರೀಮಿಯರ್ ಲೀಗ್ ಮುಟ್ಟುವವರು 180. ಅಂದರೆ ಶೇಕಡಾ 0.012, ಸುಮಾರು 8,300ಕ್ಕೆ ಒಬ್ಬ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಕಿಕ್ಕಿರಿದು ತುಂಬಿದೆ ಅಂದುಕೊಳ್ಳಿ. ಅಷ್ಟು ಜನರಲ್ಲಿ ಮೂವರು! ಬೀದಿಯಲ್ಲಿ ಆಡೋರನ್ನ ಬಿಡಿ, ಆಯ್ಕೆಯಾಗಿ ಅಕಾಡೆಮಿ ಒಳಗೆ ಕಾಲಿಟ್ಟವರ ಕಥೆ ಏನು? ಒಂಬತ್ತನೇ ವಯಸ್ಸಿಗೆ ಒಳಗೆ ಬಂದವರಲ್ಲಿ ಮೊದಲ ತಂಡಕ್ಕೆ ಒಮ್ಮೆಯಾದರೂ ಆಡುವವರು ಶೇಕಡಾ ಅರ್ಧಕ್ಕಿಂತ ಕಡಿಮೆ ಅನ್ನುತ್ತದೆ ಅದೇ ಪುಸ್ತಕ. ಇನ್ನೂರಕ್ಕೆ ಒಬ್ಬನೂ ಇಲ್ಲ.

ಇದು ಹೇಗೆ ಅಂತ ಕೇಳಿದರೆ, ಗುಣಾಕಾರ. ಪ್ರತಿ ವರ್ಷ ನೂರಕ್ಕೆ ಎಂಬತ್ತು ಹುಡುಗರು ಉಳೀತಾರೆ ಅಂತಿಟ್ಟುಕೊಳ್ಳಿ. ಕೇಳೋಕೆ ಚೆನ್ನಾಗೇ ಇದೆ. ಆದರೆ ಒಂಬತ್ತು ವರ್ಷ ಹಾಗೇ ಗುಣಿಸುತ್ತಾ ಹೋದರೆ ಕೊನೆಗೆ ಉಳಿಯೋದು ಹದಿಮೂರು. ನಿಜವಾದ ಜರಡಿ ಇದಕ್ಕಿಂತ ಎಷ್ಟೋ ಬಿಗಿ. ಮೇಲಿನ ಬಾಗಿಲೂ ಚಿಕ್ಕದು. ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್, ತಲಾ 25 ಜನರ ಹಿರಿಯರ ಪಟ್ಟಿ. ಆ 500 ಜಾಗಕ್ಕೆ ಇಡೀ ಜಗತ್ತಿನ ಆಟಗಾರರು ಪೈಪೋಟಿಗೆ ನಿಂತಿದ್ದಾರೆ.

ಹಾಗಿದ್ದರೆ ಕ್ಲಬ್‌ಗಳು ಇಷ್ಟೊಂದು ಮಕ್ಕಳನ್ನು ಯಾಕೆ ಸಾಕುತ್ತವೆ? ಇಲ್ಲೇ ನೋಡಿ ಅಸಲಿ ಲೆಕ್ಕ ಇರೋದು. ಹೊರಗಿನಿಂದ 5 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಒಪ್ಪಂದಕ್ಕೆ ಆಟಗಾರನನ್ನು ತಂದರೆ ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿ ಖರ್ಚು ಬರೆಯಬೇಕು. ಅಕಾಡೆಮಿಯಲ್ಲೇ ಬೆಳೆದವನಿಗೆ ಕೊಂಡ ಬೆಲೆಯೇ ಇಲ್ಲ. ಮಾರಿದರೆ ಬಂದದ್ದೆಲ್ಲ ಲಾಭ. ಚೆಲ್ಸಿ ಅಕಾಡೆಮಿಗೆ ಆರನೇ ವಯಸ್ಸಿನಲ್ಲಿ ಸೇರಿದ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ ವರದಿಯಾದ ಮೊತ್ತ ಸುಮಾರು 5.5 ಕೋಟಿ ಪೌಂಡ್. ಇಂಥ ಒಬ್ಬ ಸಿಕ್ಕರೆ ಎಷ್ಟೋ ವರ್ಷದ ಅಕಾಡೆಮಿ ಖರ್ಚು ಒಂದೇ ಏಟಿಗೆ ವಾಪಸ್. ಕ್ಲಬ್ ನೂರಾರು ಟಿಕೆಟ್ ಕೊಂಡಿರುತ್ತೆ, ಅದಕ್ಕೆ ಒಂದು ಗೆದ್ದರೂ ಸಾಕು. ಅಪ್ಪ-ಅಮ್ಮನ ಹತ್ತಿರ ಇರೋದು ಒಂದೇ ಟಿಕೆಟ್. ಕ್ಲಬ್ಬಿಗೆ ಈ ಅಂಕಿ ಗೊತ್ತು. ಮಗುವನ್ನು ಸೇರಿಸಿಕೊಳ್ಳುವ ದಿನವೇ ಅದನ್ನು ಪೋಷಕರಿಗೆ ಬರೆದುಕೊಡಬೇಕು ಅನ್ನೋದು ನನ್ನ ಅಭಿಪ್ರಾಯ.

‘ಹ್ಯಾರಿ ಕೇನ್‌ನನ್ನು ಎಂಟು ವರ್ಷಕ್ಕೇ ಆರ್ಸೆನಲ್ ಕಳಿಸಿಬಿಟ್ಟಿತ್ತಲ್ವಾ?’ ಅಂತೀರಿ. ಹೌದು. ಡೆಕ್ಲಾನ್ ರೈಸ್‌ನನ್ನು ಹದಿನಾಲ್ಕಕ್ಕೆ ಚೆಲ್ಸಿ ಬೇಡ ಅಂದಿತು. ಜೇಮಿ ವಾರ್ಡಿ ಕಾರ್ಖಾನೆಯಲ್ಲಿ ದುಡಿಯುತ್ತಾ ಸಣ್ಣ ಲೀಗ್‌ಗಳಲ್ಲಿ ಆಡಿ, 2016ರಲ್ಲಿ ಲೆಸ್ಟರ್ ಜೊತೆ ಚಾಂಪಿಯನ್ ಆದರು. ಇವೆಲ್ಲ ನಿಜ. ಆದರೆ ಅವೇ ವಯಸ್ಸಿನಲ್ಲಿ ಹೊರಬಿದ್ದು ಆಟ ಬಿಟ್ಟವರ ಸಂದರ್ಶನವನ್ನು ಯಾರೂ ಮಾಡಲ್ಲ. ನಮ್ಮ ಚಾನೆಲ್‌ನವರೂ ಮಾಡಲ್ಲ, ಅದನ್ನೂ ಹೇಳಿಬಿಡ್ತೀನಿ.

ಎಂಟು ವರ್ಷದಿಂದ ‘ನೀನು ಯಾರು?’ ಅಂದಾಗ ‘ಫುಟ್‌ಬಾಲರ್’ ಅಂತ ಹೇಳಿಕೊಂಡು ಬಂದ ಹುಡುಗನಿಗೆ ಹದಿನಾರಕ್ಕೆ ಒಂದು ದಿನ ‘ನಾಳೆಯಿಂದ ಬರಬೇಡ’ ಅಂದರೆ ಅವನ ಕಥೆ ಏನಾಗಬೇಕು? 2020ರಲ್ಲಿ, ದೊಡ್ಡ ಕ್ಲಬ್ಬೊಂದರ ಅಕಾಡೆಮಿಯಲ್ಲಿದ್ದು ಹೊರಬಂದಿದ್ದ ಹದಿನೆಂಟರ ಹುಡುಗನೊಬ್ಬ ತೀರಿಕೊಂಡಾಗ ಇಡೀ ಇಂಗ್ಲೆಂಡ್ ಈ ಪ್ರಶ್ನೆ ಕೇಳಿತು. ಆಮೇಲೆ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್, ತಾನು ಕೈಬಿಟ್ಟ ಯುವ ಆಟಗಾರರ ಜೊತೆ ಮೂರು ವರ್ಷ ನಿಲ್ಲುವ ಯೋಜನೆ ತಂದಿತು.

ಇನ್ನು ಬ್ರೋಷರ್ ವಿಷಯ. ಫಿಫಾ ನಿಯಮದ 19ನೇ ವಿಧಿ ಹೇಳೋದು ಸರಳ: ಹದಿನೆಂಟು ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಅಪ್ಪ-ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ಹೋಗಿ ನೆಲೆಸಿದ್ದರೆ, ಅಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ. ಬ್ರೆಕ್ಸಿಟ್ ಆದಮೇಲೆ, 2021ರಿಂದ, ಫ್ರಾನ್ಸ್, ಸ್ಪೇನ್‌ನ ಹದಿನಾರರ ಹುಡುಗರನ್ನೂ ಇಂಗ್ಲಿಷ್ ಕ್ಲಬ್‌ಗಳು ತರುವಂತಿಲ್ಲ. ಬೆಂಗಳೂರಿನ ಹನ್ನೊಂದರ ಹುಡುಗ ಅಲ್ಲಿ ಯಾರ ಕಣ್ಣಿಗೆ ಬಿದ್ದು ಏನು ಪ್ರಯೋಜನ? ಹದಿನೆಂಟು ದಾಟಿದ ಮೇಲೂ ವರ್ಕ್ ಪರ್ಮಿಟ್ ಅನ್ನೋ ಗೋಡೆ ಇದೆ. ಮುಂದೆ ಬೆಂಗಳೂರು ಎಫ್‌ಸಿ ನಾಯಕರಾದ ಸುನಿಲ್ ಛೆಟ್ರಿಯವರಿಗೇ 2009ರಲ್ಲಿ ಲಂಡನ್ನಿನ ಕ್ಯೂಪಿಆರ್ ಸೇರುವ ಅವಕಾಶ ಪರ್ಮಿಟ್ ಸಿಗದೆ ತಪ್ಪಿತು. ಭಾರತದ ಫಿಫಾ ರ‍್ಯಾಂಕಿಂಗ್ ಆಗ 70ರೊಳಗೆ ಇರಲಿಲ್ಲ.

ಮಾರನೇ ದಿನ ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಕೇಳಿಸಿಕೊಂಡು ಬ್ರೋಷರ್ ಮಡಚಿ ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡರು. ‘ಹಾಗಾದ್ರೆ ಶನಿವಾರದ ಕೋಚಿಂಗೂ ನಿಲ್ಲಿಸಿಬಿಡ್ಲಾ ಸರ್?’

‘ಅಯ್ಯೋ, ಅದನ್ಯಾಕೆ ನಿಲ್ಲಿಸ್ತೀರಣ್ಣ? ಅವನಿಗೆ ಖುಷಿ ಇದೆ ತಾನೇ?’

‘ಬೆಳಗ್ಗೆ ಐದೂವರೆಗೇ ಎದ್ದು ಶೂ ಹಾಕ್ಕೊಂಡು ಕೂತಿರ್ತಾನೆ’ ಅಂದ್ರು.