ಗ್ರಾಮ ಪಂಚಾಯತಿ ಮತ್ತು ಗ್ರಾಮಯೋಜನೆ: ಒಂದು ವಿವೇಚನೆ

‘ಗ್ರಾಮ’ ಎಂಬ ಶಬ್ದಕ್ಕೆ ಊರು ಎಂಬ ಅರ್ಥವು ಸರ್ವವಿದಿತವಾದುದೇ. ಆದರೆ ‘ಸಮೂಹ’ ಎಂಬ ಮತ್ತೊಂದು ಅರ್ಥವೂ ಅದಕ್ಕುಂಟು. ಗುಣಗ್ರಾಮ, ಸ್ವರಗ್ರಾಮ, ಇಂದ್ರಿಯಗ್ರಾಮ ಮೊದಲಾದ ಸಮಾಸಗಳಲ್ಲಿ ಆ ಅರ್ಥವೇ ನಿಂತಿದೆ. ‘ಸಭಾ’ ಶಬ್ದವನ್ನು ‘ಸಹ ಭಾಂತಿ’, ಎಂದರೆ ಎಲ್ಲಿ ಜನರು ಒಡಗೂಡಿ ಬೆಳಗುವರೋ ಅದು ಸಭೆ, ಎಂದು ಸಂಪ್ರದಾಯಜ್ಞರು ಬಿಡಿಸಿ ಹೇಳುವುದುಂಟು. ಇನ್ನು ‘ಯೋಜನೆ’ ಎಂಬುದು ‘ಯುಜ್’ ಧಾತುವಿನಿಂದ ಬಂದುದು. ಕೂಡಿಸು, ಹೂಡು ಎಂಬುದು ಅದರ ಅರ್ಥ. ಎತ್ತುಗಳನ್ನು ನೊಗಕ್ಕೆ ಹೂಡುವ ಕಾರ್ಯಕ್ಕೂ ಈ ಧಾತುವೇ ಸಲ್ಲುತ್ತದೆ. ಶಬ್ದಗಳ ಈ ಅರ್ಥವಿಚಾರವು ಪಂಡಿತರ ಕಾಲಹರಣವೆಂದು ಕೆಲವರಿಗೆ ತೋರಬಹುದು. ಆದರೆ ಇಂದು ನಮ್ಮ ಹಳ್ಳಿಗಳಲ್ಲಿ ‘ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆ’ ಎಂಬ ಹೆಸರಿನಲ್ಲಿ ಪ್ರತಿವರ್ಷವೂ ಸಿದ್ಧವಾಗುವ ಪತ್ರವನ್ನು ನೋಡಿದವರಿಗೆ, ಅದರಲ್ಲಿ ಕಾಮಗಾರಿಗಳ ಪಟ್ಟಿ ಇದ್ದು ಯೋಜನೆಯು ಮಾತ್ರ ಇಲ್ಲದಿರುವ ಸಂದರ್ಭಗಳು ಕಂಡುಬರದೆ ಇರವು. ಕೂಡಿಸುವ ಕಾರ್ಯವೇ ನಡೆಯದಿದ್ದರೆ ಅದನ್ನು ಯೋಜನೆಯೆಂದು ಹೇಗೆ ಕರೆಯುವುದು?

ಊರಿನವರು ಕಲೆತು ಊರಿನ ಹಿತವನ್ನು ವಿಚಾರಿಸುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಗಾವುಂಡರು, ಊರೊಡೆಯರು, ಅಗ್ರಹಾರದ ಮಹಾಜನರು ಮತ್ತೆಮತ್ತೆ ಕಾಣಿಸಿಕೊಳ್ಳುತ್ತಾರೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವನಿಗೆ ಬಿಟ್ಟ ಭೂಮಿಗೆ ‘ಕಟ್ಟುಕೊಡಗೆ’ ಎಂಬ ಹೆಸರು. ಕೆರೆಯನ್ನು ಕಟ್ಟಿಸಿದರೆ ಸಾಲದು, ಅದು ಉಳಿಯುವ ಏರ್ಪಾಡೂ ಬೇಕು ಎಂಬ ತಿಳಿವಳಿಕೆಯು ಆ ಪದದಲ್ಲಿಯೇ ಅಡಗಿದೆ. ಹಾಗೆಂದು ಆ ಕಾಲದ ಸಭೆಗಳನ್ನು ಅತಿಯಾಗಿ ಕೊಂಡಾಡುವುದೂ ತರವಲ್ಲ. ಅಲ್ಲಿ ಹೆಂಗಸರಿಗೆ ಮಾತಿರಲಿಲ್ಲ. ಊರ ಹೊರಗಿನ ಕೇರಿಯವರಿಗೆ ಕುಳಿತುಕೊಳ್ಳುವ ಸ್ಥಳವೂ ಇರಲಿಲ್ಲ. 1948ರ ನವೆಂಬರ್ ತಿಂಗಳಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರರು ಹಳ್ಳಿಯ ಬಗೆಗೆ ಕಟುವಾದ ಮಾತುಗಳನ್ನಾಡಿದುದು ಈ ಕಾರಣದಿಂದಲೇ. ಅದೇ ತಿಂಗಳಿನಲ್ಲಿ ಗ್ರಾಮ ಪಂಚಾಯತಿಗಳ ಸಂಘಟನೆಯನ್ನು ಕುರಿತ ವಿಧಿಯೂ ಸೇರಿಕೊಂಡು, ಅದು ಸಂವಿಧಾನದ 40ನೆಯ ಅನುಚ್ಛೇದವಾಯಿತು. ಈ ಎರಡು ಅಭಿಪ್ರಾಯಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಇಂದಿನ ಪಂಚಾಯತಿಯನ್ನು ಅರಿಯಬೇಕಾಗುತ್ತದೆ.

ಅನಂತರದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು ಸಂಸ್ಥಾನದ ಕಾಲದ ಕಾಯಿದೆಗಳನ್ನು ಹಿಂದಿಕ್ಕಿ 1959ರ ಕಾಯಿದೆಯು ಬಂದಿತು. 1983ರಲ್ಲಿ ಅಂಗೀಕೃತವಾದ ಕಾಯಿದೆಯು ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳನ್ನು ನಿರ್ಮಿಸಿ, ಶೇಕಡಾ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು; ಅದರ ಮೇರೆಗೆ 1987ರಲ್ಲಿ ಚುನಾವಣೆಗಳು ನಡೆದವು. ಆಗ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ಜನರು ‘ನೀರ್ ಸಾಬ್’ ಎಂದು ಕರೆದರು. ಊರೂರಿಗೆ ಕೊಳವೆಬಾವಿಯ ನೀರನ್ನು ತಂದುಕೊಟ್ಟವರಿಗೆ ಹಳ್ಳಿಯು ತಾನಾಗಿ ಕೊಟ್ಟ ಬಿರುದು ಅದು. 1993ರ ಏಪ್ರಿಲ್ 24ರಂದು ಸಂವಿಧಾನದ 73ನೆಯ ತಿದ್ದುಪಡಿಯು ಜಾರಿಗೆ ಬಂದು, ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಜಾರಿಗೊಂಡಿತು. 2010ರಲ್ಲಿ ಮಹಿಳೆಯರ ಮೀಸಲಾತಿಯು ಅರ್ಧಭಾಗಕ್ಕೆ ಏರಿತು. 2015ರ ತಿದ್ದುಪಡಿಯಿಂದ ಆ ಕಾಯಿದೆಯ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬುದೂ ಸೇರಿತು.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ. ಕುಡಿಯುವ ನೀರು, ರಸ್ತೆ, ಕಿರು ನೀರಾವರಿ, ಶಿಕ್ಷಣ, ಗ್ರಂಥಾಲಯ, ಆರೋಗ್ಯ, ಮಹಿಳಾ ಮತ್ತು ಶಿಶು ಕಲ್ಯಾಣ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಆದರೆ ಊರಿನ ಮಾತು ಯೋಜನೆಯಾಗುವ ಬಗೆಯನ್ನು ಬಲ್ಲವರು ವಿದ್ಯಾವಂತರಲ್ಲಿಯೂ ವಿರಳ. ಕಾಯಿದೆಯು ಇದಕ್ಕೆ ಮೂರು ಮೆಟ್ಟಿಲುಗಳನ್ನು ಏರ್ಪಡಿಸಿದೆ: ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಇದಕ್ಕೆ ಚುನಾವಣೆಯಿಲ್ಲ, ಅವಧಿಯಿಲ್ಲ. ಸರಿಸುಮಾರು 400 ಜನರಿಗೆ ಒಬ್ಬರಂತೆ ಆರಿಸಿ ಬಂದ ಸದಸ್ಯರ ಪಂಚಾಯತಿಯು ಬೇರೆ, ಊರಿನ ಸಮಸ್ತರ ಗ್ರಾಮಸಭೆಯು ಬೇರೆ. ಕೇರಿಯಲ್ಲಿ ಹುಟ್ಟಿದ ಬೇಡಿಕೆಯು ವಾರ್ಡ್ ಸಭೆಗೆ ಬಂದು, ಅಲ್ಲಿಂದ ಗ್ರಾಮಸಭೆಗೆ ಹೋಗಿ, ಆದ್ಯತೆಯ ಕ್ರಮದಲ್ಲಿ ನಿಂತು, ಆಮೇಲೆ ಪಂಚಾಯತಿಯ ಮುಂದೆ ಬರತಕ್ಕದ್ದು ಎಂಬುದು ನಿಯಮ. 2015ರಿಂದ ಈಚೆಗೆ ನಮ್ಮ ರಾಜ್ಯದಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂದು ಪ್ರಚಾರಗೊಂಡುದು ಈ ವಿಧಾನವೇ.

ಇಲ್ಲಿ ಒಂದು ಊರನ್ನು ಭಾವಿಸಿಕೊಳ್ಳೋಣ. ಅದಕ್ಕೆ ಹೆಸರು ಬೇಡ. ಅದು ಬಯಲುಸೀಮೆಯ ಯಾವ ಊರಾದರೂ ಆಗಬಹುದು. ಊರಿನ ಮೇಲುಭಾಗದಲ್ಲಿ ಹಳೆಯ ಮನೆಗಳು, ಕೆಳಭಾಗದಲ್ಲಿ ಒಂದು ಕೇರಿ, ಅದರಾಚೆಗೆ ಕೆರೆ. ಮೇಲುಭಾಗದ ಬೀದಿಯವರು ಕಾಂಕ್ರೀಟ್ ರಸ್ತೆಯನ್ನು ಕೇಳಿದರು. ಅದು ಮಂಜೂರಾಯಿತು. ಇದ್ದ ಮಣ್ಣಿನ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟನ್ನು ಸುರಿದುದರಿಂದ ಬೀದಿಯು ಅರ್ಧ ಅಡಿಯಷ್ಟು ಎತ್ತರವಾಯಿತು. ಚರಂಡಿಗೆ ಹಣವು ಆ ವರ್ಷ ಇರಲಿಲ್ಲ. ಮಳೆಗಾಲದಲ್ಲಿ ನೀರು ಹೊಸ್ತಿಲನ್ನು ದಾಟಿ ಮನೆಗಳಿಗೆ ನುಗ್ಗಿತು. ಉಳಿದ ನೀರು ಇಳಿಜಾರಿನಲ್ಲಿ ಹರಿದು ಕೆಳಗಿನ ಕೇರಿಯಲ್ಲಿ ನಿಂತಿತು. ಮರುವರ್ಷ ಚರಂಡಿಯೇನೋ ಬಂದಿತು, ಆದರೆ ಅದರ ಕೊನೆಯನ್ನು ಎಲ್ಲಿಗೆ ಮುಟ್ಟಿಸಬೇಕೆಂಬುದನ್ನು ಯಾರೂ ವಿಚಾರಿಸಲಿಲ್ಲ. ಬಚ್ಚಲ ನೀರೆಲ್ಲ ಕೆರೆಗೆ ಸೇರಿತು. 2019ರಲ್ಲಿ ಜಲಜೀವನ್ ಮಿಷನ್ ಆರಂಭಗೊಂಡು ಮನೆಮನೆಗೆ ನಲ್ಲಿಯ ಕೊಳವೆಯನ್ನು ಎಳೆಯಬೇಕಾದಾಗ, ಅದೇ ಕಾಂಕ್ರೀಟನ್ನು ಒಡೆಯಬೇಕಾಯಿತು. ಒಡೆದ ರಸ್ತೆಯನ್ನು ಮೊದಲಿನಂತೆ ಮುಚ್ಚಿದವರು ಅಪರೂಪ.

ಈ ನಾಲ್ಕು ಕೆಲಸಗಳಲ್ಲಿ ಒಂದಾದರೂ ಅನಾವಶ್ಯಕವೆನ್ನುವಂತಿಲ್ಲ. ರಸ್ತೆ ಬೇಕು, ಚರಂಡಿ ಬೇಕು, ನಲ್ಲಿ ಬೇಕು, ಕೆರೆಯೂ ಬೇಕು. ಮೊದಲು ನೀರು ಹೋಗುವ ದಾರಿ, ಬಳಿಕ ಭೂಮಿಯೊಳಗಿನ ಕೊಳವೆ, ಕಡೆಗೆ ಮೇಲಿನ ಹಾಸು, ಇದು ಗಾರೆ ಕೆಲಸದವನಿಗೂ ತಿಳಿದ ಕ್ರಮ. ಊರಿಗೆ ಅದು ತಿಳಿಯದೆ ಹೋದುದು ಏತಕ್ಕೆ? ಪ್ರತಿಯೊಂದು ಕೆಲಸವೂ ಬೇರೆಬೇರೆ ಬಾಬಿನಿಂದ, ಬೇರೆಬೇರೆ ವರ್ಷದಲ್ಲಿ, ಬೇರೆಬೇರೆಯವರ ಒತ್ತಾಯದಿಂದ ಬಂದಿತು. ಅವುಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟು ನೋಡುವವರು ಇರಲಿಲ್ಲ. ಬೇಡಿಕೆಗೂ ಯೋಜನೆಗೂ ಇರುವ ಅಂತರವು ಇದೇ. ಬೇಡಿಕೆಯಲ್ಲಿ ಕಾಣುವುದು ಒಂದು ಬೀದಿ. ಆ ಬೀದಿಯ ನೀರು ಹೋಗಿ ನಿಲ್ಲುವ ಕೇರಿಯನ್ನೂ ಕಾಣಬೇಕಾದುದು ಯೋಜನೆ. ಕೆಳಗಿನ ಕೇರಿಯ ಒಬ್ಬ ಹೆಣ್ಣುಮಗಳು ಮೊದಲ ವರ್ಷದ ಗ್ರಾಮಸಭೆಯಲ್ಲಿ ಎದ್ದುನಿಂತು, ‘ಮಳೆ ಬಂದರೆ ಈ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದ್ದರೆ, ಆ ಒಂದು ಪ್ರಶ್ನೆಯಿಂದ ಎಷ್ಟೋ ಹಣವು ಉಳಿಯುತ್ತಿತ್ತು. ಆಕೆ ಆ ದಿನ ಸಭೆಗೆ ಬಂದಿರಲಿಲ್ಲ. ಸಭೆಯು ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಗದಿಯಾಗಿದ್ದು, ಆಕೆ ಕೂಲಿಗೆ ಹೋಗಿದ್ದಳು ಎಂದು ಭಾವಿಸಿದರೆ ಅದು ಕಲ್ಪನೆಯಾದರೂ ಸುಳ್ಳಲ್ಲ.

ಹಣದ ವಿಚಾರಕ್ಕೆ ಬರೋಣ. ಹಣಕಾಸು ಆಯೋಗದ ಅನುದಾನವು ಗ್ರಾಮ ಪಂಚಾಯತಿಯ ಮುಖ್ಯ ಆಧಾರಗಳಲ್ಲೊಂದು. ಹದಿನೈದನೆಯ ಆಯೋಗವು 2021–26ರ ಅವಧಿಗೆ ಈ ಅನುದಾನದ ಶೇಕಡಾ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟುಹಾಕಿ, ಉಳಿದ 40 ಭಾಗವನ್ನು ಊರಿನ ವಿವೇಚನೆಗೆ ಬಿಟ್ಟಿತು. ಅದರಿಂದಲೂ ಸಂಬಳಸಾರಿಗೆ ಕೊಡುವಂತಿರಲಿಲ್ಲ. ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲು ಬೀದಿದೀಪ ಹಾಗೂ ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್ಲಿಗೇ ಸಲ್ಲುತ್ತದೆ. ಹಗಲಿನಲ್ಲಿಯೂ ಉರಿಯುತ್ತಿರುವ ಬೀದಿದೀಪವನ್ನು ಕಂಡು ನಗುತ್ತ ಹೋಗುವವರು, ಆ ದೀಪವು ತಮ್ಮ ಊರಿನ ಚರಂಡಿಯ ಹಣವನ್ನೇ ಸುಡುತ್ತಿದೆಯೆಂದು ಅರಿಯರು. ಹೆಚ್ಚಿನ ಸ್ವಾತಂತ್ರ್ಯವಿರುವುದು ಊರಿನ ಸ್ವಂತ ವರಮಾನದಲ್ಲಿ, ಎಂದರೆ ಮನೆಗಂದಾಯ, ನೀರಿನ ಶುಲ್ಕ, ಅಂಗಡಿ ಮತ್ತು ಸಂತೆಯ ಫೀಜು ಮೊದಲಾದವುಗಳಲ್ಲಿ. ಇವೇ ಬಾಕಿ ಬಿದ್ದಿರುವ ಊರು ಪರರ ಷರತ್ತಿನ ಹಣದಿಂದಲೇ ಬದುಕಬೇಕಾಗುತ್ತದೆ. ಕಂದಾಯವನ್ನು ಬಾಕಿಯಿರಿಸಿದವರಲ್ಲಿ ದೊಡ್ಡ ಮನೆಗಳೇ ಮೊದಲ ಸಾಲಿನಲ್ಲಿರುವುದು ಬಲ್ಲವರಿಗೆ ಹೊಸ ಸಂಗತಿಯೇನಲ್ಲ.

ನೀರು ಬಿಡುವವನನ್ನು ಪಂಚಾಯತಿಯ ಕಾಗದಪತ್ರಗಳಲ್ಲಿ ಇಂದಿಗೂ ‘ನೀರುಗಂಟಿ’ ಎಂದೇ ಕರೆಯಲಾಗುತ್ತದೆ. ಹಿಂದೆ ಕೆರೆಯ ತೂಬನ್ನು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರನ್ನು ಹಂಚುತ್ತಿದ್ದವನ ಹೆಸರು ಅದು. ತೂಬು ಹೋಗಿ ಸ್ವಿಚ್ಚು ಬಂದರೂ ಹೆಸರು ಉಳಿಯಿತು. ಅಂದಿನ ನೀರುಗಂಟಿಗೆ ಯಾವ ಗದ್ದೆಗೆ ಎಷ್ಟು ನೀರೆಂಬುದು ಬಾಯಿಪಾಠವಾಗಿತ್ತು. ಇಂದಿನವನಿಗೂ ಯಾವ ಬೀದಿಯ ಕೊನೆಯ ನಲ್ಲಿಗೆ ನೀರು ಏರುವುದಿಲ್ಲ, ಯಾವ ಕೊಳವೆಬಾವಿಯು ಯಾವ ತಿಂಗಳಿನಲ್ಲಿ ಬತ್ತುತ್ತದೆ ಎಂಬುದು ಗೊತ್ತಿರುತ್ತದೆ. ಯೋಜನೆಯನ್ನು ಬರೆಯುವಾಗ ಅವನನ್ನು ಕೇಳಿದರೆ ಅರ್ಧ ಸಮೀಕ್ಷೆಯು ಮುಗಿದಂತೆಯೇ. ಆದರೆ ಸಭೆಯ ದಿನ ಅವನು ಕುರ್ಚಿಗಳನ್ನು ಜೋಡಿಸುವ ಕೆಲಸದಲ್ಲಿರುತ್ತಾನೆ.

ಭೂಮಿಯ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರವು ಬೇಕು. ಪಟ್ಟಣಗಳ ಸಮೀಪದ ಹಳ್ಳಿಗಳಲ್ಲಿ ವ್ಯವಸಾಯದ ಜಮೀನನ್ನು ಭೂಪರಿವರ್ತನೆ ಮಾಡಿಸದೆಯೇ ನಿವೇಶನಗಳಾಗಿ ತುಂಡರಿಸಿ ಮಾರಿದುದರ ಫಲವನ್ನು ಜನರು ಇಂದು ಅನುಭವಿಸುತ್ತಿದ್ದಾರೆ. ಅಲ್ಲಿ ಗಾಡಿ ತಿರುಗಲು ಸ್ಥಳವಿಲ್ಲ, ಚರಂಡಿಗೆ ಅಂಚಿಲ್ಲ, ಶಾಲೆಗೆ ಅಂಗನವಾಡಿಗೆ ಜಾಗವಿಲ್ಲ. ಮನೆ ಕಟ್ಟಲು ಪರವಾನಗಿ ಕೊಡುವ ಅಧಿಕಾರವು ಪಂಚಾಯತಿಗೆ ಉಂಟು. ಆ ಅಧಿಕಾರವನ್ನು ಬಿಗಿಯಾಗಿ ನಡೆಸಿದರೆ ವೈರ, ಸಡಿಲವಾಗಿ ನಡೆಸಿದರೆ ಊರು ಹಾಳು. ಸ್ಮಶಾನ, ಗುಂಡುತೋಪು, ಗೋಮಾಳಗಳು ಒತ್ತುವರಿಯಾಗುವುದು ಒಂದೇ ದಿನದಲ್ಲಲ್ಲ. ಮೊದಲು ಬಣವೆ, ಆಮೇಲೆ ಬೇಲಿ, ಆಮೇಲೆ ಗೋಡೆ. ಬಣವೆಯಿದ್ದಾಗಲೇ ಗ್ರಾಮಸಭೆಯಲ್ಲಿ ಮಾತೆತ್ತಿ ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿದ ಊರಿಗೆ ಮುಂದೆ ತಹಶೀಲ್ದಾರರ ಮುಂದೆ ನಿಲ್ಲಲು ಒಂದು ಆಧಾರವಿರುತ್ತದೆ.

ಊರಿನಿಂದ ಹೊರಗೆ ಹೋಗಿ ಅನುಕೂಲಸ್ಥರಾದವರು ಹುಟ್ಟೂರಿಗೆ ಏನಾದರೊಂದನ್ನು ಕೊಡಬೇಕೆಂದು ಬಯಸುವುದು ಸ್ತುತ್ಯವೇ ಸರಿ. ಆದರೂ ಒಂದು ಮಾತನ್ನು ಹೇಳದೆ ನಿರ್ವಾಹವಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ದಾನವಾಗಿ ಬಂದು, ಫಲಕದ ಮೇಲೆ ಹೆಸರು ಹೊಳೆಯುತ್ತಿರುವಾಗಲೇ ಯಂತ್ರವು ನಿಂತುಹೋದ ಊರುಗಳು ಒಂದೆರಡಲ್ಲ. ಸೋಸುವ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ವಿದ್ಯುತ್ತಿಗೆ ಹಣ ಕಟ್ಟಬೇಕು, ನೋಡಿಕೊಳ್ಳುವವನಿಗೆ ಸಂಬಳ ಕೊಡಬೇಕು. ಇದಾವುದೂ ಪಂಚಾಯತಿಯ ಆಯವ್ಯಯದಲ್ಲಿ ಇರುವುದಿಲ್ಲ, ಏಕೆಂದರೆ ದಾನವು ಯೋಜನೆಯ ಹೊರಗಿನಿಂದ ಬಂದುದು. ಹಿಂದಿನವರು ಕೆರೆಯನ್ನು ಕಟ್ಟಿಸಿ ಅದಕ್ಕೆ ಕೊಡಗೆಯ ಭೂಮಿಯನ್ನೂ ಬಿಡಿಸಿದಂತೆ, ಇಂದಿನ ದಾನಿಗಳೂ ಕೊಡುವ ಮುನ್ನ ಗ್ರಾಮಸಭೆಯಲ್ಲಿ ವಿಷಯವನ್ನಿರಿಸಿ, ನಿರ್ವಹಣೆಯ ಹೊಣೆಯನ್ನು ಬರೆಸಿಕೊಂಡು ಕೊಡುವುದು ಲೇಸು.

ಉಪಾಧ್ಯಾಯರಿಗೂ ಇಲ್ಲಿ ಸ್ಥಾನವುಂಟು. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ‘ಮಕ್ಕಳ ಗ್ರಾಮಸಭೆ’ಯನ್ನು ನಡೆಸುವ ಪದ್ಧತಿಯಿದೆ. ಅಲ್ಲಿ ಮಕ್ಕಳು ಅಧ್ಯಕ್ಷರನ್ನೂ ಅಭಿವೃದ್ಧಿ ಅಧಿಕಾರಿಯನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನಿಸುತ್ತಾರೆ. ಅನೇಕ ಕಡೆಗಳಲ್ಲಿ ಅದು ಭಾಷಣ, ಬಾಳೆಹಣ್ಣು, ಬಿಸ್ಕತ್ತುಗಳಲ್ಲಿ ಮುಗಿಯುವುದು ನಿಜ. ಮೊದಲೇ ಮಕ್ಕಳನ್ನು ಊರಿನ ಸುತ್ತ ಕರೆದುಕೊಂಡು ಹೋಗಿ, ನಲ್ಲಿಯೆಷ್ಟು, ಒಡೆದ ಚರಂಡಿಯೆಲ್ಲಿ, ಶಾಲೆಗೆ ಬರುವ ದಾರಿಯಲ್ಲಿ ಹಳ್ಳವು ತುಂಬಿದರೆ ಎಷ್ಟು ದಿನ ಗೈರುಹಾಜರಿ ಎಂಬುದನ್ನು ಬರೆಸಿದ ಉಪಾಧ್ಯಾಯರಿದ್ದಲ್ಲಿ ಮಾತ್ರ ಆ ಸಭೆಗೆ ಕಳೆ ಬರುತ್ತದೆ. ಮಗುವಿನ ಕೈಯಲ್ಲಿ ಲೆಕ್ಕವಿದ್ದರೆ ದೊಡ್ಡವರು ಸುಮ್ಮನೆ ತಲೆದೂಗಿ ತಪ್ಪಿಸಿಕೊಳ್ಳಲಾರರು. ಹಳ್ಳದ ಮೇಲೊಂದು ಕಾಲುಸೇತುವೆ ಬೇಕೆಂದು ಮಕ್ಕಳು ಕೇಳಿದುದನ್ನು ಠರಾವಿನಲ್ಲಿ ಬರೆಯಬೇಕು. ಮುಂದಿನ ಗ್ರಾಮಸಭೆಯು ಕೂಡಿದಾಗ, ಬೇರೆ ಯಾವ ವಿಷಯವನ್ನೂ ಎತ್ತಿಕೊಳ್ಳುವ ಮುನ್ನ, ಆ ಠರಾವು ಏನಾಯಿತೆಂಬುದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಕು.