ಚರ್ಮದ ತೊಂದರೆಯೇ? ಫೋನಿನಲ್ಲೇ ಡಾಕ್ಟರನ್ನು ಕೇಳಿ

ಕೊರೊನಾ ಕಾಲ ನೆನಪಿದೆಯಲ್ಲ? 2020ರ ಲಾಕ್‌ಡೌನ್‌ನಲ್ಲಿ ಆಸ್ಪತ್ರೆಗೆ ಹೋಗಲು ಎಲ್ಲರಿಗೂ ಭಯ. ಆದರೆ ತುರಿಕೆಗೆ ಲಾಕ್‌ಡೌನ್ ಇರಲಿಲ್ಲ! ಸ್ಯಾನಿಟೈಸರ್ ಹಚ್ಚಿ ಹಚ್ಚಿ ಕೈ ಒಡೆಯಿತು, ಮಾಸ್ಕಿನ ಅಡಿಯಲ್ಲಿ ಮೊಡವೆ ಎದ್ದಿತು. ಆಗ ನೆರವಿಗೆ ಬಂದದ್ದು ಟೆಲಿಮೆಡಿಸಿನ್. ಆ ವರ್ಷ ಮಾರ್ಚ್ 25ರಂದು ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರನ್ನು ಉಚಿತವಾಗಿ ಕಾಣುವ ಇ-ಸಂಜೀವನಿ ಸೇವೆಯೂ ಬಂತು. ಕೊರೊನಾ ಹೋದರೂ ಈ ಅನುಕೂಲ ಉಳಿದಿದೆ.

'ಇಷ್ಟಕ್ಕೆಲ್ಲ ಡಾಕ್ಟರ್ ಯಾಕೆ, ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದರಾಯ್ತು' ಅಂತೀರಾ? ಅಪಾಯ ಇರುವುದೇ ಅಲ್ಲಿ. ಇಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೊಳಗೇ ಸೋಂಕು ಹರಡುತ್ತದೆ. ಬೆಳ್ಳಗಾಗಲೆಂದು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಬಿಸಿಲು ತಾಗಿದರೂ ಉರಿ. ಅದಕ್ಕಿಂತ ಒಂದು ಫೋನ್ ಮಾಡುವುದು ಮೇಲಲ್ಲವೇ?

ಫೋಟೊ ಹೀಗಿರಲಿ

* ಫೋಟೊ ಇಲ್ಲಿ ವೈದ್ಯರ ಕಣ್ಣು. ಹಗಲಲ್ಲಿ ಕಿಟಕಿ ಪಕ್ಕ ನಿಂತು ತೆಗೆಯಿರಿ.

* ಪೌಡರ್, ಕ್ರೀಮ್ ತೊಳೆದುಕೊಳ್ಳಿ. ಮುಖ ಚಂದ ಮಾಡುವ ಫಿಲ್ಟರ್ ಬೇಡವೇ ಬೇಡ.

* ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ಇರಲಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ.

* ಈವರೆಗೆ ಹಚ್ಚಿದ ಟ್ಯೂಬ್, ನುಂಗಿದ ಮಾತ್ರೆಗಳ ಫೋಟೊವನ್ನೂ ಕಳಿಸಿ. ಮುಚ್ಚಿಡಬೇಡಿ.

* ಯಾವಾಗ ಶುರುವಾಯಿತು, ಮನೆಯಲ್ಲಿ ಇನ್ನಾರಿಗಾದರೂ ಇದೆಯೇ, ಗರ್ಭಿಣಿಯೇ, ಮಗುವಿಗೆ ಹಾಲೂಡಿಸುತ್ತಿದ್ದೀರಾ ಎಂಬುದನ್ನು ಬರೆದಿಟ್ಟುಕೊಳ್ಳಿ.

* ಗುಪ್ತ ಜಾಗದ ತೊಂದರೆಗೆ ಫೋಟೊ ಕಳಿಸಲು ಮುಜುಗರವಾದರೆ ಕಳಿಸಲೇಬೇಕೆಂದಿಲ್ಲ. ನೇರವಾಗಿ ಲೇಡಿ ಡಾಕ್ಟರ್ ಬಳಿ ಹೋಗಿ.

ಮಾತು ಮುಗಿದ ಮೇಲೆ ಔಷಧಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಎಷ್ಟು ದಿನ ಹಚ್ಚಬೇಕು ಎಂದು ಕೇಳಲು ಮರೆಯಬೇಡಿ.

ಇವಕ್ಕೆ ಫೋನ್ ಸಾಲದು

ಹೊಸ ಮಾತ್ರೆ ನುಂಗಿದ ಮೇಲೆ ಜ್ವರದ ಜೊತೆ ಗುಳ್ಳೆ ಎದ್ದರೆ, ಚರ್ಮ ಸುಲಿದರೆ, ತುಟಿ ಊದಿ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಮಚ್ಚೆ ಬೆಳೆಯುತ್ತಿದ್ದರೆ, ಬಣ್ಣ ಬದಲಾಗುತ್ತಿದ್ದರೆ ತಡಮಾಡದೆ ತೋರಿಸಿ. ಮುಟ್ಟಿದರೂ ಗೊತ್ತಾಗದ ತಿಳಿ ಬಣ್ಣದ ಮಚ್ಚೆ ಕುಷ್ಠರೋಗದ ಲಕ್ಷಣವಿರಬಹುದು. ಸ್ಪರ್ಶ ಇದೆಯೋ ಇಲ್ಲವೋ ಎಂಬುದನ್ನು ಕ್ಯಾಮೆರಾ ಹೇಳದು, ವೈದ್ಯರು ಮುಟ್ಟಿಯೇ ನೋಡಬೇಕು. ಹೆದರಬೇಡಿ, ಇದು ಪೂರ್ತಿ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಮನೆಮಂದಿಯ ಕೆಮ್ಮು-ನೆಗಡಿಗೆಲ್ಲ ಡಾಕ್ಟರಿಗೆ ಫೋನ್ ಮಾಡುವ ನೀವು, ನಿಮ್ಮ ಕೈಮೇಲಿನ ತುರಿಕೆಗೂ ಹತ್ತು ನಿಮಿಷ ಕೊಡಿ.